ಗ್ಯಾಲನ್ನಿಗೆ ಹತ್ತು ಪೌಂಡು

ನಮ್ಮ ಸೈನ್ಸ್ ಮಾಸ್ತರ ಬಲಗೈಯ ಮೂರು ಬೆರಳುಗಳ ತುದಿ ಸದಾ ಹಳದಿ. ಅರಿಷಿಣವಲ್ಲ, ಆ್ಯಸಿಡ್ಡಿನ ಕಲೆ. ಹಣೆಗೆ ಅಂಗಾರ ಅಕ್ಷತೆ, ಕಪಾಳಕ್ಕೆ ಗೋಪಿಚಂದನದ ಮುದ್ರೆ, ಮೇಲೊಂದು ಕರಿ ಕೋಟು. ಮಡಿ ಹೆಂಗಸರು ಆ ಬೆರಳುಗಳನ್ನು ನೋಡಿ ಮುಖ ಹಿಂಡುತ್ತಿದ್ದರು. ನಾನು ಸವಣೂರಿನ ಸಾಲೆಗೆ ಹೊಸ ಮಾಸ್ತರನಾಗಿ ಬಂದಾಗ ಅವರ ಮನೆಯ ಪಡಸಾಲೆ ಕೋಣೆಯಲ್ಲಿಯೇ ಇಳಿದುಕೊಂಡಿದ್ದೆ.

ಯಾರಾದರೂ ಅಂದಾಜಿನ ಮೇಲೆ ಮಾತಾಡಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ‘ತೂಗಿ ಹೇಳ್ರಿ’ ಅನ್ನುವರು. ಸಂತೆಯಲ್ಲಿ ತಂದ ಬೆಲ್ಲವನ್ನು ಸಾಲೆಯ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗುವರು. ಇವರು ಸಾರಿನ ಇಂಗನ್ನೂ ತೂಗದೆ ಊಟಕ್ಕೆ ಕೂಡುವುದಿಲ್ಲ ಎಂದು ಅವರ ಹೆಂಡತಿ ನನ್ನೆದುರಿಗೇ ಚೇಷ್ಟೆ ಮಾಡುತ್ತಿದ್ದರು. ಊರಿಗೂ ಅವರ ಮೇಲೆ ಅಷ್ಟೇ ನಂಬಿಕೆ. ಆ ನಂಬಿಕೆಯೇ ಮುಂದೆ ಒಬ್ಬನನ್ನು ಮುಳುಗಿಸಿತು.

ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ ಬಂದಿತ್ತು. ಸವಣೂರಿನಿಂದ ಶಿಗ್ಗಾಂವಿಯ ಮೇಲೆ ಹಾನಗಲ್ಲಿಗೆ ಹೋಗಿ ಬರುವ ಬಸ್ಸೊಂದಿತ್ತು. ಅದರ ಡ್ರೈವರ ಹಿರೇಬೆಂಡಿಗೇರಿಯವನು, ಮಿತಭಾಷಿ. ಒಂದು ಸುತ್ತಿಗೆ ಐದು ಗ್ಯಾಲನ್ ಬೇಕು ಎನ್ನುತ್ತಿದ್ದ. ಬಸ್ಸಿನ ಸಾವಕಾರನಿಗೆ ಅನುಮಾನ, ಇವನು ದಾರಿಯಲ್ಲಿ ಪೆಟ್ರೋಲ್ ಮಾರಿಕೊಳ್ಳುತ್ತಾನೆಂದು. ಅಳತೆಯ ಪಾತ್ರೆಗಳ ಮೇಲೂ ಅವನಿಗೆ ಅನುಮಾನವೇ. ಹಾಗಾಗಿ ಮಾಸ್ತರ ಕಡೆ ಬಂದ. ಮಾಸ್ತರಿಗೆ ಹಿಗ್ಗೋ ಹಿಗ್ಗು. ಅಳತೆ ಬೇಡ, ತೂಕ ಮಾಡೋಣ ಎಂದರು.

ಟಾಕಿ ಬರಿದು ಮಾಡಿಸಿ, ಪೆಟ್ರೋಲ್ ಡಬ್ಬಿಗಳನ್ನು ಹತ್ತಿ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ತೂಗಿ ಸುರಿಸಿದರು. ತಾವೇ ಬಸ್ಸಿನಲ್ಲಿ ಕೂತು ಹಾನಗಲ್ಲಿಗೆ ಹೋಗಿ ಬಂದರು. ಗಡಿಯಾರ ನೋಡಿ ಎಂಜಿನ್ ನಡೆದ ವೇಳೆಯನ್ನೂ ಗುರುತು ಹಾಕಿಕೊಂಡರು. ಉಳಿದ ಪೆಟ್ರೋಲನ್ನು ಇಳಿಸಿ ಮತ್ತೆ ತೂಗಿದರು. ತಾಸಿಗೆ ಇಷ್ಟು ಪೌಂಡು ಹರಿದಿದೆ. ಸಾಲೆಯ ಬಾಯಿಪಾಠದಲ್ಲಿದ್ದ ಹಾಗೆ ಗ್ಯಾಲನ್ನಿಗೆ ಹತ್ತು ಪೌಂಡಿನಂತೆ ಭಾಗಿಸಿದರೆ ತಾಸಿಗೆ ಇಷ್ಟು ಗ್ಯಾಲನ್. ಇಡೀ ಸುತ್ತಿಗೆ ಕೂಡಿಸಿ ನೋಡಿದರೆ ನಾಲ್ಕು ಗ್ಯಾಲನ್ನಿಗೂ ಮುಟ್ಟಲಿಲ್ಲ. ಬಸ್ ನಿಲ್ಲುವ ಕಟ್ಟೆಯ ಮೇಲೆ, ವೀಳ್ಯದೆಲೆ ಪೆಂಡಿ ಹೊತ್ತು ಕಾದಿದ್ದ ಮಂದಿಯ ಮುಂದೆ ಅದನ್ನು ಹೇಳಿದರು.

ಡ್ರೈವರ ಒಂದೇ ಮಾತು ಕೇಳಿದ: “ಗಾಡಿ ಕುಡದದ್ದನ್ನ ನಾ ಕುಡದೇನಿ ಅಂತೀರೇನ್ರಿ ಮಾಸ್ತರ್ರ?”

ಲೆಕ್ಕ ಹಾಗೆ ಹೇಳುತ್ತದಪ್ಪ ಎಂದರು ಮಾಸ್ತರು. ಅಂದೇ ಅವನ ಕೆಲಸ ಹೋಯಿತು. ಕಳ್ಳ ಎಂಬ ಹೆಸರು ಅವನಿಗಿಂತ ಮುಂಚೆ ಹಿರೇಬೆಂಡಿಗೇರಿ ಮುಟ್ಟಿತು.

ಆ ವರ್ಷ ಎಣ್ಣೆಗೂ ತತ್ವಾರ. ಮಾಸ್ತರ ಹೆಂಡತಿ ದೇವರ ಮುಂದಿನ ಗಾಜಿನ ದೀಪದಲ್ಲಿ ಅರ್ಧ ನೀರು ಹಾಕಿ ಮೇಲೆ ಎಣ್ಣೆ ಬಿಡುತ್ತಿದ್ದರು. ಒಂದು ಸಂಜೆ ಸಂಧ್ಯಾವಂದನೆಗೆ ಕೂತ ಮಾಸ್ತರು ಆ ದೀಪವನ್ನೇ ನೋಡುತ್ತ ಅರ್ಘ್ಯ ಬಿಡುವುದನ್ನು ಮರೆತರು. ನೀರಿನ ಮೇಲೆ ಎಣ್ಣೆ ಹಗುರಾಗಿ ನಿಂತಿತ್ತು. ಮಡಿಯಲ್ಲೇ ಎದ್ದು ಸಾಲೆಗೆ ಓಡಿದರು. ಗಾಬರಿಯಾಗಿ ನಾನೂ ಬೆನ್ನು ಹತ್ತಿದೆ. ಒಂದು ಬಾಟಲಿ ತುಂಬ ನೀರು ತೂಗಿದರು. ಅದೇ ಬಾಟಲಿ ಒಣಗಿಸಿ, ಪ್ರಯೋಗಕ್ಕೆಂದು ಸಾಲೆಯಲ್ಲಿ ಇಟ್ಟಿದ್ದ ಪೆಟ್ರೋಲ್ ತುಂಬಿ ತೂಗಿದರು. ಪೆಟ್ರೋಲಿನ ತೂಕ ನೀರಿನ ಮುಕ್ಕಾಲು ಪಾಲಿಗೂ ಸ್ವಲ್ಪ ಕಡಿಮೆಯೇ ಬಂತು. ಹತ್ತು ಪೌಂಡು ತೂಗುವುದು ಒಂದು ಗ್ಯಾಲನ್ ನೀರು. ಬಾಯಿಪಾಠದ ತಾಳಕ್ಕೆ ಕೂಡದೆಂದು ‘ನೀರು’ ಎಂಬ ಮಾತನ್ನು ನಮ್ಮ ಸಾಲೆಗಳು ಎಂದೋ ಬಿಟ್ಟುಬಿಟ್ಟಿದ್ದವು; ಮಾಸ್ತರೂ ಹಾಗೇ ಕಲಿತು ಹಾಗೇ ಕಲಿಸಿದ್ದರು. ಗ್ಯಾಲನ್ನಿಗೆ ಏಳು ಪೌಂಡಿನ ಮೇಲೆ ಚೂರು ಹಿಡಿದು ಬಸ್ಸಿನ ಆ ತೂಕವನ್ನು ಭಾಗಿಸಿದರೆ ಸರಿಯಾಗಿ ಐದು ಗ್ಯಾಲನ್.

“ಅಂವ ಖರೇನ ಹೇಳಿದ್ದನಲ್ಲೋ” ಅಂದರು. ಅಯ್ಯೋ, ಆ ಮುಖವನ್ನು ನೋಡಬಾರದಿತ್ತು.

ಮರುದಿನ ಮುಂಜಾನೆ ಅದೇ ಕಟ್ಟೆ ಹತ್ತಿ, ತಪ್ಪು ನನ್ನದು, ಆ ಮನುಷ್ಯ ಕಳ್ಳನಲ್ಲ ಎಂದು ಕೂಗಿ ಹೇಳಿದರು. ಆದರೆ ಮಂದಿಗೆ ಕಳ್ಳತನದ ಸುದ್ದಿಯಲ್ಲಿ ಇದ್ದ ರುಚಿ ತಿದ್ದುಪಡಿಯಲ್ಲಿ ಇರಲಿಲ್ಲ. ಮಾಸ್ತರು ಏನೋ ಲೆಕ್ಕ ಹೇಳುತ್ತಿದ್ದಾರೆಂದು ಬಸ್ ಹತ್ತಿ ಹೋದರು. ಸಾವಕಾರನಂತೂ, ಹೊಸ ಡ್ರೈವರ ಬಂದಾಗಿದೆ, ಇನ್ನು ಯಾಕೆ ಕೆದಕುತ್ತೀರಿ ಎಂದು ಒಳಗೆ ನಡೆದ. ದುಡ್ಡಿನ ಸೊಕ್ಕು, ಮತ್ತೇನು!

ಹಿರೇಬೆಂಡಿಗೇರಿಗೆ ಇಬ್ಬರೂ ಹೋದೆವು. ಡ್ರೈವರ ಯಾರದೋ ಹೊಲದಲ್ಲಿ ಗೊಬ್ಬರ ಹರಡುತ್ತಿದ್ದ. ಮಾಸ್ತರು ಕೈಮುಗಿದು ಎಲ್ಲ ಹೇಳಿದರು. ಅವನು ಸಲಿಕೆ ಊರಿ ಕಡೆತನಕ ಕೇಳಿದ.

“ನಿಮ್ಮ ಲೆಕ್ಕ ನೀವು ತಿದ್ದಿದ್ರಿ, ಚಲೋ ಆತು” ಅಂದ. “ನಮ್ಮಪ್ಪ ಮಗ ಕಳ್ಳ ಅಂತ ತಿಳಕೊಂಡ ಸತ್ತಾನ್ರಿ, ಹೋದ ವಾರ. ಅವಗ ಯಾರು ಹೋಗಿ ಹೇಳ್ತೀರಿ? ಇನ್ನ ಇಲ್ಲಿಗೆ ಬರಬ್ಯಾಡ್ರಿ.”

ಮಾಸ್ತರು ಮತ್ತೆ ಹೋಗಲಿಲ್ಲ. ಆದರೆ ಪ್ರತಿ ವರ್ಷ ಆ ಪಾಠ ಬಂದಾಗ ತಮ್ಮ ತಪ್ಪನ್ನು ಹುಡುಗರಿಗೆ ಬಿಡಿಸಿ ಹೇಳುವರು. ‘ಒಂದು ಗ್ಯಾಲನ್ ನೀರು’ ಎಂದು, ತಾಳ ತಪ್ಪಿದರೂ ಸರಿ, ಬಾಯಿಪಾಠ ಮಾಡಿಸುವರು. ಮುಂದೆ ನಾನು ಹೆಡ್‌ಮಾಸ್ತರನಾಗಿ, ಯಾವ ಹುಡುಗನ ಮೇಲೆ ದೂರು ಬಂದರೂ ತೀರ್ಪು ಹೇಳಲು ತಡವರಿಸುತ್ತಿದ್ದೆ. ಮಂದಿ ಅಂಜುಬುರುಕ ಎಂದರು. ಅನ್ನಲಿ. ಅದು ಮಾಸ್ತರಿಂದ ಬಂದ ಅಂಜಿಕೆ, ನನಗೆ ಅದು ಬೇಕೇ ಬೇಕು.

ಯುದ್ಧ ಮುಗಿದ ಮೇಲೆ ಮಾಸ್ತರು ಹಾಸಿಗೆ ಹಿಡಿದರು. ಅವರಿಗೆ ಹೇಳದೆ ನಾನು ಹಿರೇಬೆಂಡಿಗೇರಿಗೆ ಹೋಗಿ, ಒಮ್ಮೆ ಬಂದು ಹೋಗಪ್ಪ ಎಂದು ಡ್ರೈವರನನ್ನು ಬೇಡಿಕೊಂಡೆ. ಮಜ್ಜಿಗೆ ಕೊಟ್ಟ, ಬರುವುದಿಲ್ಲ ಎಂದ. ತಿರುಗಿ ಬಂದು ಸಿಟ್ಟಿನಲ್ಲಿ ಎಲ್ಲ ಹೇಳಿಬಿಟ್ಟೆ. ಮಾಸ್ತರು ನನ್ನ ಕೈ ಹಿಡಿದುಕೊಂಡರು.

“ಸಿಟ್ಟಾಗಬ್ಯಾಡ. ಅಂವ ಬಂದಿದ್ರ ನನಗ ಸಮಾಧಾನ ಆಗ್ತಿತ್ತು, ಖರೆ. ನನ್ನ ಸಮಾಧಾನಕ್ಕ ಅಂವ ಯಾಕ ಬರಬೇಕು?”

ಆ ವಾರದಲ್ಲೇ ತೀರಿಹೋದರು.