ದ್ರಾಕ್ಷಿ ತೋಟದ ಕಾಲುದಾರಿ

ಹುಳಿ ಹತ್ತಿದ ಹಣ್ಣಿನ ವಾಸನೆ ಮೂಗಿಗೆ ಬಡಿದಾಗ ನಾನು ಇಂಗ್ಲೆಂಡಿನ ಯಾವುದೋ ಹಳ್ಳಿಯ ಬೇಲಿ ಪಕ್ಕ ನಡೆಯುತ್ತಿದ್ದೆ. ಊರಿನ ಹೆಸರು ಕೊನೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ಆಗಸ್ಟ್ ತಿಂಗಳ ಬಿಸಿಲು. ಬಿಸಿಲು ಅಂದರೆ ನಮ್ಮ ಕಡೆ ಮಾಗಿಯಲ್ಲಿ ಬೆಳಿಗ್ಗೆ ಜಗಲಿಗೆ ಬೀಳುತ್ತದಲ್ಲ, ಅಷ್ಟು. ಬೇಲಿಯ ಮುಳ್ಳುಗಿಡದಲ್ಲಿ ಕಪ್ಪು ಹಣ್ಣುಗಳು ಗೊಂಚಲು ಗೊಂಚಲಾಗಿ ಮಾಗಿ, ಒಡೆದವು ನೆಲಕ್ಕೆ ಬಿದ್ದು, ಅವುಗಳ ಮೇಲೆ ಕಣಜದ ಹುಳುಗಳು ಗುಂಯ್‌ಗುಡುತ್ತಿದ್ದವು. ನಮ್ಮ ಯಜಮಾನರು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. "ಕೀಳಬೇಡಿ ಅಂದ್ರೆ, ಯಾರ ತೋಟಾನೋ ಏನೋ" ಎಂದು ಗದರಿದೆ. ಗದರಿದ ಆ ದನಿಯ ಗುರುತು ನನಗೇ ಸಿಕ್ಕಿತು. ಅದು ಐವತ್ತು ದಾಟಿದ ಶಾಲೆ ಮೇಡಂ ದನಿಯಲ್ಲ, ಹತ್ತು ವರ್ಷದ ಹುಡುಗಿಯದು. ಮುಂದೆ ನಡೆಯುತ್ತಿದ್ದ ನಾದಿನಿ ತಿರುಗಿ ನಕ್ಕಳು. "ತಿನ್ನಲಿ ಬಿಡಿ ಅತ್ತಿಗೆ. ದಾರೀಲಿ ಹೋಗೋರು ತಿನ್ನಲಿ ಅಂತಾನೇ ಬಿಟ್ಟಿರ್ತಾರೆ."

ನಾದಿನಿ ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಬಹಳ ವರ್ಷದಿಂದ ಕರೆಯುತ್ತಿದ್ದಳು. ದೊಡ್ಡಬಳ್ಳಾಪುರದ ಶಾಲೆಗೆ ಹದಿನೈದು ದಿನ ರಜೆ ಹಾಕಿ ಹೋಗಿದ್ದೆ. ಅರಮನೆ ಗಿರಮನೆ ತೋರಿಸುತ್ತಾಳೆ ಅಂತ ರೇಷ್ಮೆ ಸೀರೆ ಇಟ್ಟುಕೊಂಡು ಹೋದವಳಿಗೆ ಬೂಟು ಹಾಕಿಸಿ ನಾಲ್ಕು ದಿನ ಹಳ್ಳಿ ಹಳ್ಳಿ ಸುತ್ತಿಸಿದಳು. ಒಂದು ಊರಲ್ಲಿ ಬೆಲ್ಲದ ಬಣ್ಣದ ಕಲ್ಲಿನ ಮನೆಗಳು, ಇನ್ನೊಂದರಲ್ಲಿ ನಿಂತುಹೋದ ನೀರಿನ ಗಿರಣಿ, ಎಲ್ಲ ಊರಲ್ಲೂ ನೂರಾರು ವರ್ಷದ ಒಂದು ಚರ್ಚು, ಅದರ ಸುತ್ತ ಪಾಚಿ ಹಿಡಿದು ವಾಲಿದ ಗೋರಿಕಲ್ಲುಗಳು. ಒಂದು ಊರಿಂದ ಮತ್ತೊಂದು ಊರಿಗೆ ರಸ್ತೆಯಲ್ಲಿ ಹೋಗುವುದಲ್ಲ, ಯಾರದೋ ಹೊಲದ ನಟ್ಟನಡುವೆ. ಗೋಧಿ ಕೊಯ್ದ ಹೊಲದಲ್ಲಿ, ಕುರಿ ಮೇಯುವ ಹುಲ್ಲಿನಲ್ಲಿ ಒಂದಾಳು ನಡೆಯುವಷ್ಟು ಅಗಲದ ದಾರಿ. ಬೇಲಿ ಬಂದರೆ ಅಲ್ಲೊಂದು ಮರದ ಮೆಟ್ಟಿಲು, ಮನುಷ್ಯ ದಾಟಬಹುದು, ದನ ದಾಟಲಾರದು. ನಾದಿನಿಯ ಕೈಲಿದ್ದ ನಕ್ಷೆಯಲ್ಲಿ ಆ ದಾರಿಗಳೆಲ್ಲ ಹಸಿರು ಚುಕ್ಕೆಗೆರೆಗಳಾಗಿದ್ದವು. "ಜನ ನಡೆದು ನಡೆದು ಆಗಿರೋ ದಾರೀನ ಜಮೀನಿನೋನು ಮುಚ್ಚೋ ಹಂಗಿಲ್ಲ ಇಲ್ಲಿ" ಎಂದಳು. ಆ ಹೊತ್ತಿಗೇ ಎದುರಿನ ಹೊಲದ ಮುದುಕನೊಬ್ಬ ಟ್ರ್ಯಾಕ್ಟರಿನಿಂದ ಇಳಿದು ಬಂದು, ನಮಗಾಗಿ ಕಬ್ಬಿಣದ ಗೇಟು ತೆಗೆದು, ಹಿಡಿದುಕೊಂಡು ನಿಂತ. ಅವರಿಬ್ಬರೂ ದಾಟಿದರು. ನನ್ನ ಕಾಲು ಏಳಲಿಲ್ಲ. ಮಂಡಿ ನೋವು ಅಂತ ಸುಳ್ಳು ಹೇಳಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಆ ಮುದುಕ ಗೇಟು ಹಿಡಿದುಕೊಂಡೇ ಕಾದ.

ನಮ್ಮ ಹೊಲದಲ್ಲೂ ಅಂಥದೊಂದು ದಾರಿಯಿತ್ತು. ಮಧುರೆ ಹೋಬಳಿಯಲ್ಲಿ ನಮ್ಮೂರು. ಊರಾಚೆ ಹೊಲದಲ್ಲೇ ನಮ್ಮ ಮನೆ. ಮನೆಯ ಕೊಟ್ಟಿಗೆಗೆ ತಾಗಿಕೊಂಡು ರಾಗಿ ಹೊಲ ಸೀಳಿಕೊಂಡು ಹೋಗುವ ಕಾಲುದಾರಿ. ಅದರ ಆಚೆ ತುದಿಗೆ ಪಾಳ್ಯ, ಮೂವತ್ತು ಮನೆಯ ಚಿಕ್ಕ ಊರು. ಪಾಳ್ಯದವರಿಗೆ ಶಾಲೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಕೆರೆ ಪಕ್ಕದ ಸ್ಮಶಾನ ಎಲ್ಲ ನಮ್ಮೂರ ಕಡೆಗೇ. ನಮ್ಮ ಹೊಲ ದಾಟಿದರೆ ಹತ್ತು ನಿಮಿಷ. ಟಾರು ರಸ್ತೆ ಹಿಡಿದು ಸುತ್ತಿದರೆ ಮುಕ್ಕಾಲು ಗಂಟೆ. ದಾರಿಯ ಮಣ್ಣು ತುಳಿದು ತುಳಿದು ನುಣುಪಾಗಿ, ಮಳೆ ಬಿದ್ದ ಮಾರನೇ ದಿನ ಅದರ ಮೇಲೆ ನಡೆದರೆ ಅಂಗಾಲು ತಣ್ಣಗಾಗುತ್ತಿತ್ತು. ನಮ್ಮಜ್ಜಿ ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತರೆ ಮುಗಿಯಿತು, ಹೋಗಿ ಬರುವವರೆಲ್ಲ ಅವಳಿಗೆ ಲೆಕ್ಕ ಒಪ್ಪಿಸಿಯೇ ಮುಂದೆ ಹೋಗಬೇಕು. ಯಾರ ಹಸು ಗಬ್ಬ ಆಯಿತು, ಯಾರ ಸೊಸೆ ತವರಿಗೆ ಹೋದಳು, ಯಾರಿಗೆ ಭೇದಿ ಹತ್ತಿದೆ. ನಮ್ಮ ಮನೆಯಲ್ಲಿ ಸದ್ದು ಅನ್ನುವುದಿದ್ದರೆ ಅದು ಆ ದಾರಿಯದು. ನೀವೂ ಅಂಥ ಮನೆಯಲ್ಲಿ ಬೆಳೆದಿದ್ದರೆ ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಪಾಳ್ಯದ ಮುನಿಯಮ್ಮತ್ತೆ ದಿನಕ್ಕೆ ಎರಡು ಸಲ ಬರುವವಳು, ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು, ಬರಿಗಾಲಲ್ಲಿ ದಡದಡ. ರಕ್ತಸಂಬಂಧದ ಅತ್ತೆಯಲ್ಲ, ಕರೆದು ಕರೆದು ಅತ್ತೆಯಾದವಳು. ಅವಳ ಮಗಳು ಮಂಜುಳ ಶಾಲೆಯಲ್ಲಿ ನನ್ನ ಕ್ಲಾಸು. ಅವಳ ಹಸು ಈದಾಗ ಮೊದಲ ಗಿಣ್ಣು ನಮ್ಮ ಮನೆಗೇ ಬರಬೇಕು. "ದಾರಿ ಬಿಟ್ಟಿರೋ ಮನೆ, ಇವರಿಗೆ ಕೊಡದೆ ನಾವು ತಿನ್ನೋದಾ" ಎನ್ನುತ್ತಿದ್ದಳು. ಏಲಕ್ಕಿ ಬಿದ್ದ ಆ ಬಿಸಿ ಗಿಣ್ಣನ್ನು ಬಟ್ಟಲಿಗೆ ಹಾಕುವಷ್ಟು ತಾಳ್ಮೆಯಿಲ್ಲದೆ ನನ್ನ ಅಂಗೈಗೇ ಹಾಕುತ್ತಿದ್ದಳು.

ಆಮೇಲೆ ಅಪ್ಪ ಆ ರಾಗಿ ಹೊಲಕ್ಕೇ ದ್ರಾಕ್ಷಿ ಹಾಕಿದರು. ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲೆಲ್ಲೂ ಕಲ್ಲುಕಂಬ, ತಂತಿ, ಚಪ್ಪರ. ನೀಲಿ ದ್ರಾಕ್ಷಿ. ಎಲೆಯ ಮೇಲೆಲ್ಲ ಸಿಂಪಡಿಸಿದ ಮೈಲುತುತ್ತದ ನೀಲಿ ಕಲೆ. ಹಣ್ಣು ಮಾಗಿದಾಗ ಇಡೀ ಮನೆ, ಹಾಸಿಗೆ ಬಟ್ಟೆ ಸಮೇತ, ಹುಳಿಸಿಹಿ ವಾಸನೆ ಹೊಡೆಯುತ್ತಿತ್ತು. ದಾರಿಯಲ್ಲಿ ಹೋಗುವವರು ಕೈ ಹಾಕದೆ ಇರುತ್ತಾರೆಯೇ. ಮೊದಲ ಫಸಲಿನಲ್ಲೇ ದಾರಿಯ ಎರಡೂ ಕಡೆಯ ಸಾಲು ಬೋಳಾಯಿತು. ಅಪ್ಪ ಕೆಟ್ಟವರೇನಲ್ಲ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಹಠ ಹಿಡಿದರೆ ಬ್ರಹ್ಮ ಬಂದರೂ ಕೇಳುವವರಲ್ಲ. "ಔಷಧಿ ಹೊಡ್ದಿರ್ತೀವಿ, ಕಿತ್ಕೊಂಡು ತಿಂದು ಯಾವ ಮಗೂಗಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ಗ್ರಾಮದ ನಕಾಶೆ ತೆಗೆಸಿ ನೋಡಿದೀನಿ, ಇಲ್ಲಿ ದಾರೀನೇ ಇಲ್ಲ" ಎಂದು ಎರಡೂ ತುದಿಗೆ ಮುಳ್ಳುತಂತಿ ಎಳೆಸಿದರು. ಅಜ್ಜಿ ಎರಡು ದಿನ ಊಟ ಬಿಟ್ಟಳು. "ನಡೆಯೋ ದಾರಿ ಮುಚ್ಚಬೇಡ ಕಣಪ್ಪ, ನಕಾಶೆ ಬರೆದೋನೇನು ಇಲ್ಲಿ ನಡೆದಿದ್ನಾ" ಎಂದಳು. ಅಪ್ಪ ಕೇಳಲಿಲ್ಲ. ಪಾಳ್ಯದ ಕಡೆ ತುದಿಯಲ್ಲಿ ಕೂಲಿಯವರು ಬಂದು ಹೋಗಲೆಂದು ಬಿದಿರಿನ ಒಂದು ಬಾಗಿಲು ಬಿಟ್ಟಿದ್ದರು. ಅದಕ್ಕೊಂದು ತಂತಿಯ ಬಳೆ, ಕಂಬದಿಂದ ಮೇಲಕ್ಕೆತ್ತಿದರೆ ತೆರೆದುಕೊಳ್ಳುತ್ತಿತ್ತು. ಬೇಸಿಗೆ ರಜೆಯಲ್ಲಿ ಆ ಬಾಗಿಲ ಪಕ್ಕದ ಹೊಂಗೆಮರದ ಕೆಳಗೆ ನನ್ನನ್ನು ಕೂರಿಸಿದರು. ಯಾರೇ ಬಂದರೂ ದಾರಿ ಇಲ್ಲ, ಸುತ್ತಿಕೊಂಡು ಹೋಗಿ ಅನ್ನಬೇಕು. ಅಷ್ಟೇ ಕೆಲಸ. ನನಗೆ ಅದು ಎಷ್ಟು ಹೆಮ್ಮೆ ಅನ್ನಿಸಿತ್ತು ಅಂದರೆ, ದೊಡ್ಡವರೆಲ್ಲ ನನ್ನ ಮಾತು ಕೇಳಿ ಹಿಂದಿರುಗುವಾಗ ಒಳಗೊಳಗೇ ಕುಣಿಯುತ್ತಿದ್ದೆ.

ಮುನಿಯಮ್ಮತ್ತೆಗೆ ಮಾತ್ರ ಆ ನಿಯಮ ಇರಲಿಲ್ಲ. ಹಾಲಿನ ಹೊತ್ತಿಗೆ ಸರಿಯಾಗಿ ಅಜ್ಜಿ ಕೋಲೂರಿಕೊಂಡು ಬಂದು, ಅಪ್ಪ ಇಲ್ಲದ್ದು ನೋಡಿ, ತಾನೇ ಬಾಗಿಲು ತೆಗೆದು ನಮ್ಮ ಅಂಗಳದಿಂದ ಆಚೆ ಕಳಿಸುತ್ತಿದ್ದಳು. ಹಾಗೇ ನಡೆದುಕೊಂಡು ಹೋಗುತ್ತಿತ್ತು. ಆ ವಾರ ಅಜ್ಜಿ ಹೊಸಕೋಟೆಗೆ, ಮಗಳ ಬಾಣಂತನಕ್ಕೆ ಹೋಗಿದ್ದಳು. ಬೆಳಗಿನ ಹಾಲಿನ ಹೊತ್ತು ಮುಗಿಸಿ ಅವಳು ಹೊರಟ ದಿನವೇ ಬಾಗಿಲ ಹತ್ತಿರದ ಬಳ್ಳಿಯಲ್ಲಿ ನಾಲ್ಕೈದು ಗೊಂಚಲು ಮಾಯವಾಗಿದ್ದವು. ಅಪ್ಪ ಕೂಲಿಯವರೆಲ್ಲರ ಎದುರಿಗೆ ನನ್ನ ಕಿವಿ ಹಿಂಡಿದರು. "ಯಾರನ್ನ ಬಿಟ್ಟೆ? ಇನ್ಮೇಲೆ ದೇವರು ಬಂದ್ರೂ ಬಿಡಕೂಡದು, ತಿಳೀತಾ?" ಅವಮಾನಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅವತ್ತು ಮಧ್ಯಾಹ್ನ ನಾನು ಪುಸ್ತಕ ಕೂಡ ತೆರೆಯದೆ ಬಾಗಿಲನ್ನೇ ನೋಡುತ್ತ ಕೂತಿದ್ದೆ.

ಮುನಿಯಮ್ಮತ್ತೆ ಬಂದಳು. ಎಂದಿನ ಹಾಗೆ ಕ್ಯಾನು ಸೊಂಟದಲ್ಲಿತ್ತು. "ಅಜ್ಜಿ ಎಲ್ಲವ್ವ?"

"ಹೊಸಕೋಟೆಗೆ ಹೋಗವ್ರೆ."

"ಹಂಗಾದ್ರೆ ನೀನೇ ತೆಗಿ ಮಗಾ. ಡೈರಿ ಮುಚ್ಚೋ ಹೊತ್ತಾಯ್ತು."

"ದಾರಿ ಇಲ್ಲ. ಸುತ್ಕೊಂಡು ಹೋಗಿ."

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. "ಈವತ್ತೊಂದಿನ ಬಿಟ್ಬುಡವ್ವ. ಬಿಸಿಲು ನೋಡು ಹೆಂಗೈತೆ. ಹಾಲು ಒಡೆದೋಯ್ತದೆ." ನನ್ನ ಕೈ ತಂತಿಯ ಬಳೆಯ ಮೇಲೇ ಇತ್ತು. ಎತ್ತಿದ್ದರೆ ಆಗಿತ್ತು. ನಾನು ಮುಖ ಗಂಟಿಕ್ಕಿಕೊಂಡು ಮತ್ತೊಮ್ಮೆ, ಕೂಲಿಯವರಿಗೂ ಕೇಳುವಷ್ಟು ಜೋರಾಗಿ, "ದಾರಿ ಇಲ್ಲ ಅಂದ್ನಲ್ಲ" ಎಂದೆ. ಅವಳ ನಗು ಸ್ವಲ್ಪ ಇಳಿಯಿತು. "ಒಳ್ಳೇ ಅಮಲ್ದಾರ್ರು ಬಿಡವ್ವ ನೀನು" ಎಂದು ಕ್ಯಾನನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹಿಂದಿರುಗಿದಳು. ಗೆದ್ದೆ ಅನ್ನಿಸಿತು ನನಗೆ. ಆ ಗೆದ್ದ ಖುಷಿ ಇದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಸಂಜೆಗೆ ಚಿಕ್ಕಪ್ಪ ಡೈರಿ ಕಡೆಯಿಂದ ಸೈಕಲ್ ತಳ್ಳಿಕೊಂಡು ಬಂದರು. ಟಾರು ರಸ್ತೆಯ ತಿರುವಿನಲ್ಲಿ ಜಲ್ಲಿ ಲಾರಿ ಮುನಿಯಮ್ಮನಿಗೆ ಹೊಡೆದಿತ್ತು. ಅಲ್ಲೇ ಹೋಗಿಬಿಟ್ಟಳು ಎಂದರು. ರಸ್ತೆ ತುಂಬ ಹಾಲು ಎಂದು ಒಂದೇ ಮಾತನ್ನು ಮೂರು ಸಲ ಹೇಳಿದರು.

ಮಾರನೇ ದಿನ ಪಾಳ್ಯದ ಕಡೆಯಿಂದ ತಮಟೆ ಸದ್ದು ಕೇಳಿತು. ಸ್ಮಶಾನಕ್ಕೆ ಬರಬೇಕಲ್ಲ. ಅಪ್ಪ ಯಾರೂ ಕೇಳುವ ಮೊದಲೇ ಕಟಿಂಗ್ ಪ್ಲೇಯರ್ ಹಿಡಿದು ಹೋದರು. "ಹೆಣಕ್ಕೆ ಇಲ್ಲ ಅನ್ನಕ್ಕಾಗಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಎರಡೂ ತುದಿಯ ತಂತಿ ಕತ್ತರಿಸಿ, ಒಂದು ಕಲ್ಲುಕಂಬವನ್ನೇ ಅಲ್ಲಾಡಿಸಿ ಕೀಳಿಸಿದರು. ಚಪ್ಪರ ಆಳೆತ್ತರ ಮಾತ್ರ; ಹೆಗಲ ಮೇಲೆ ಚಟ್ಟ ಬರುವ ಹಾಗಿಲ್ಲ. ಹೊತ್ತವರು ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಬೆನ್ನು ಬಗ್ಗಿಸಿ, ತಲೆಗೆ ತಾಗುವ ಗೊಂಚಲುಗಳ ಕೆಳಗೆ ಒಂದೊಂದೇ ಹೆಜ್ಜೆ ಇಟ್ಟರು. ಎರಚಿದ ಪುರಿ ಎಲೆಗಳಲ್ಲಿ ಸಿಕ್ಕಿಕೊಂಡಿತು. ಅಪ್ಪ ಕೈ ಮುಗಿದು ನಿಂತಿದ್ದರು. ಹಿಂದೆ ಮಂಜುಳ ತಮ್ಮನ ಕೈ ಹಿಡಿದುಕೊಂಡು ಬರುತ್ತಿದ್ದಳು. ಹೊಂಗೆಮರದ ಹತ್ತಿರ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಮರದ ಹಿಂದಕ್ಕೆ ಸರಿದೆ. ಮೂರನೇ ದಿನ ಅಪ್ಪ ಹೊಸ ತಂತಿ ತರಿಸಿ ಮತ್ತೆ ಬಿಗಿಸಿದರು.

ಅಜ್ಜಿ ಹೊಸಕೋಟೆಯಿಂದ ಬಂದವಳು ಒಳಗೂ ಬರದೆ ಜಗಲಿಯಲ್ಲೇ ಕೂತು ಅಪ್ಪನಿಗೆ ಹೇಳಿದಳು: "ಹೆಣಕ್ಕೆ ತೆಗೆದ ಕೈ ಹಾಲಿಗೆ ತೆಗೀಲಿಲ್ವಲ್ಲಪ್ಪ." ಅಪ್ಪ ಗೋಡೆ ಕಡೆ ನೋಡಿದರು. ಆಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು, ಗಲ್ಲ ಹಿಡಿದು ಕೇಳಿದಳು: "ಅವತ್ತು ಮುನಿಯಮ್ಮ ಈ ಕಡೆ ಬಂದಿದ್ಲಾ ಮಗಾ?" ಇಲ್ಲ ಎಂದೆ. ಅವತ್ತು ನನ್ನ ಕೂಗು ಕೇಳಿದ ಕೂಲಿಯವರಿಗೂ ಚಪ್ಪರದಡಿಯಿಂದ ಬಂದವರು ಯಾರೆಂದು ಕಂಡಿರಲಿಲ್ಲ. ತಂತಿ ನೋಡಿ ತಾನಾಗಿಯೇ ಸುತ್ತಿಕೊಂಡು ಹೋಗಿದ್ದಾಳೆ ಎಂದು ಎಲ್ಲರೂ ನಂಬಿದರು. ಆ ಸಾವು ಅಪ್ಪನ ತಲೆಗೇ ಬಂತು. ಪಾಳ್ಯದವರು ಅವರೊಡನೆ ಮಾತು ಬಿಟ್ಟರು, ಅಜ್ಜಿ ಅವರ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟಳು, ಜಗಲಿಯ ಮೇಲೆ ಕೂರುವುದನ್ನೂ ಬಿಟ್ಟಳು. ದಾರಿಯ ಸದ್ದಿಲ್ಲದ ಆ ಮನೆಯಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಬದುಕಿದೆವು. ಅಪ್ಪ ಸಾಯುವಾಗಲೂ ನಾನು ಬಾಯಿ ಬಿಡಲಿಲ್ಲ. ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದುಂಟು. ಬಂದು, ಹಾಗೇ ಒಳಗೆ ಹೋಗಿದೆ. ಅವರು ಹೋದ ಮೇಲೆ ತೋಟ ಲೇಔಟ್ ಆಯಿತು, ಮನೆಯನ್ನು ಜೆಸಿಬಿ ಒಂದು ಬೆಳಗಿನಲ್ಲಿ ಕೆಡವಿ ಮುಗಿಸಿತು. ಈಗ ಅಲ್ಲಿ ಸೈಟು ನಂಬರಿನ ಕಲ್ಲುಗಳಿವೆ. ನನ್ನ ಮನೆ ಎಲ್ಲಿತ್ತು ಎಂದು ನನಗೇ ಸರಿಯಾಗಿ ತೋರಿಸಲು ಬರುವುದಿಲ್ಲ.

ಇಂಗ್ಲೆಂಡಿನಿಂದ ಬಂದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಂಜುಳನ ತಮ್ಮನಿಂದ ಅವಳ ಫೋನ್ ನಂಬರು ತೆಗೆದುಕೊಂಡು ಒಂದು ಭಾನುವಾರ ಹೊರಟೆ. ಸೋಂಪುರದ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಅವಳು ಅಡುಗೆಯವಳು, ಹತ್ತಿರದಲ್ಲೇ ಬಾಡಿಗೆ ಮನೆ. ಕೂದಲು ನನಗಿಂತ ಹೆಚ್ಚು ನೆರೆತಿತ್ತು. ಕೂರು ಎಂದಳು, ಅಲಸಂದೆಕಾಯಿ ಮೊರವನ್ನು ಮಧ್ಯೆ ಇಟ್ಟಳು. ಸುಲಿಯುತ್ತ ಸುಲಿಯುತ್ತ ನಾನು ಎಲ್ಲವನ್ನೂ ಹೇಳಿದೆ. ತಂತಿಯ ಬಳೆ, ನನ್ನ ಕೈ, ಅವಳ ಅಮ್ಮ ಕೇಳಿದ್ದು, ನಾನು ಅಂದದ್ದು. ಅವಳ ಬೆರಳು ನಿಲ್ಲಲೇ ಇಲ್ಲ.

"ಗೊತ್ತು" ಎಂದಳು.

ನಾನು ಸುಲಿಯುವುದನ್ನು ಬಿಟ್ಟು ತಲೆಯೆತ್ತಿದೆ.

"ಅಮ್ಮ ವಾಪಸ್ ಮನೇಗ್ ಬಂದಿದ್ಲಲ್ಲ. ಟಾರು ರೋಡು ಕಾಲು ಸುಡುತ್ತೆ, ಚಪ್ಪಲಿ ಕೊಡು ಅಂದ್ಲು. ತೋಟದ ಮನೆ ಮಗು ದಾರಿ ಇಲ್ಲ ಅಂತೈತೆ ಕಣೆ ಅಂತ ನಗಾಡಿದ್ಲು. ಅವಳಿಗೆ ಚಪ್ಪಲಿ ಎಲ್ಲಿತ್ತು? ಅಪ್ಪಂದು ಕೊಟ್ಟೆ. ಇಷ್ಟುದ್ದ. ನಡೆದ್ರೆ ಕಾಲಿಂದ ಜಾರೋದು." ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಲಾರಿ ಬಂದಾಗ ಪಕ್ಕಕ್ಕೆ ಓಡಕ್ಕಾಗ್ಲಿಲ್ಲ ಅವಳಿಗೆ. ಬರಿಗಾಲಲ್ಲಿದ್ದಿದ್ರೆ ಓಡೋಳು."

"ನನ್ನ ಹತ್ರ ಯಾಕೆ ಕೇಳ್ಲಿಲ್ಲ ನೀನು?"

"ಸ್ಕೂಲು ಶುರುವಾದ್ಮೇಲೆ ದಿನಾ ನಿನ್ನ ಮುಖ ನೋಡೋಳು ನಾನು. ನೀನು ನಿಂದು ಹೇಳಿದ್ರೆ ನಾನು ನಂದು ಹೇಳ್ಬೇಕು ಅಂತಿದ್ದೆ. ಇನ್ಯಾರಿಗೂ ಹೇಳೋ ಹಂಗಿರ್ಲಿಲ್ಲ ಕಣೆ."

ಏಳನೇ ಕ್ಲಾಸು ಮುಗಿಯುವವರೆಗೆ, ಎರಡು ವರ್ಷ, ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು.