ಗೀಸರಿನ ಹಣೆ

ಕೊಟ್ಟೂರಿನ ಕಾಳಿನ ವ್ಯಾಪಾರಿಯೊಬ್ಬರ ಮನೆಯ ಹಳೇ ಗ್ಯಾಸ್ ಗೀಸರ್ ಹತ್ತುತ್ತಿಲ್ಲ ಅಂತ ರಿಪೇರಿಗೆ ನನ್ನನ್ನು ಕರೆಸಿದ್ದರು. ಒಳಗೆ ಬಾಣಂತಿ ಬಿಸಿನೀರಿಗೆ ಕಾಯುತ್ತಿದ್ದಳು. ಹೊಸ ಸೆಲ್ ಹಾಕಿದೆ, ವೈರ್ ಬದಲಿಸಿದೆ. ಕಿಡಿ ಹಾರಲೇ ಇಲ್ಲ. ಕೊನೆಗೆ ಕಿಂಡಿಯೊಳಗೆ ಇಣುಕಿ ನೋಡಿದರೆ, ಕಿಡಿ ಹಾರುವ ಕಡ್ಡಿಗೆ ಒದ್ದೆ ವಿಭೂತಿ ಮೆತ್ತಿತ್ತು.

“ದಿನಾ ಹಚ್ತೀನಿ ತಮ್ಮಾ. ಪೂಜಿ ಮಾಡದ ಒಲಿ ಹಚ್ಚಬಾರ್ದಲ್ಲ,” ಅಂದಳು ಆ ಮನೆಯ ಅಜ್ಜಿ.

ಒರೆಸಿದೆ, ಭಗ್ಗನೆ ಹತ್ತಿತು.

“ಅಲ್ಲಿ ಹಚ್ಚಬ್ಯಾಡ್ರಿ ಅಜ್ಜಿ. ಬೇಕಾದ್ರ ಹಣಿಗೆ ಹಚ್ರಿ,” ಅಂದೆ.

“ಇದರ ಹಣಿ ಎಲ್ಲೈತಿ?”

ಕೆಲಸ ಕಲಿಸಿದವರು ಅದನ್ನೊಂದು ಹೇಳಿಕೊಟ್ಟಿರಲಿಲ್ಲ. ಧೈರ್ಯ ಮಾಡಿ ಕಂಪನಿ ಹೆಸರಿನ ತಗಡು ತೋರಿಸಿದೆ.

ಅಜ್ಜಿ ಅದರ ಮೇಲೆ ವಿಭೂತಿಯ ಮೂರು ಬೆರಳು ಎಳೆದು, “ನೀನೂ ಕೆಡಬಾರ್ದಪ್ಪ” ಅಂತ ನನ್ನ ಹಣೆಗೂ ಎಳೆದಳು. ಪುಣ್ಯಕ್ಕೆ, ನನ್ನದು ಎಲ್ಲಿದೆ ಅಂತ ಕೇಳಲಿಲ್ಲ.