ಅಮ್ಮನ ಬದಿಯ ಕೆಂಪು ಕಪಾಟು

ಬೈಂದೂರಿನ ನಮ್ಮ ಮನೆಯ ಹೊಸ ಅಡುಗೆಮನೆಯ ಬಗ್ಗೆ ನೆಂಟರೆಲ್ಲ ಹೇಳಿಕೊಂಡು ತಿರುಗುವ ಕಥೆ ಒಂದಿದೆ: ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಫಲಕ ಗೆದ್ದ ಮಗಳು ಅಪ್ಪ ಅಮ್ಮನ ಬಾಯಿ ಮುಚ್ಚಿಸಿ ಕೆಂಪು ಕಪಾಟು ಹಾಕಿಸಿದಳು. ಇವತ್ತು ಬೆಳಿಗ್ಗೆ ಶಂಕರನಾರಾಯಣದಿಂದ ಬಂದ ದೊಡ್ಡಮ್ಮನೂ ಚೀಲ ಇಡುವ ಮೊದಲೇ ಕಪಾಟಿನ ಬಾಗಿಲು ತಟ್ಟಿ ನೋಡಿ, "ಎಂತಾ ಕೆಂಪ್ ಇದ್, ಹೆಣೆ! ನಿನ್ ಬಾಯಿಗ್ ಹೆದ್ರಿ ಹಾಕ್ಸಿದ್ರಂಬ್ರಲೆ?" ಎಂದರು.

ಆಕ್ಷೇಪಣೆ. ಈ ಕಥೆಯಲ್ಲಿ ನಿಜವಾದದ್ದು ಕೆಂಪು ಮಾತ್ರ, ಮತ್ತು ಆ ಕೆಂಪಿನ ವಿರುದ್ಧ ಮಾತಾಡಿದವಳು ನಾನು. ನೀವು ತೀರ್ಪುಗಾರರ ಕುರ್ಚಿಯಲ್ಲಿ ಕೂತಿದ್ದೀರೆಂದೇ ಇಟ್ಟುಕೊಂಡು ಹೇಳುತ್ತೇನೆ. ಸಮಯ ಮುಗಿಯಿತೆಂದು ಗಂಟೆ ಮಾತ್ರ ಬಾರಿಸಬೇಡಿ.

ಅಪ್ಪಯ್ಯ ಮೂವತ್ತು ವರ್ಷ ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಒಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ರಜೆ ಎಂದರೆ ರಜೆ. ಹೋದ ವರ್ಷ ಪೂರ್ತಿಯಾಗಿ ಬಂದುಬಿಟ್ಟರು ನೋಡಿ, ವಾರದೊಳಗೇ ಕೈ ತುರಿಸತೊಡಗಿತು. ಅಡುಗೆಮನೆ ಹೊಸದಾಗಲಿ, ಇನ್ನು ಅಡುಗೆ ತನ್ನದು ಎಂದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದರು: ಎಲ್ಲೆಲ್ಲೂ ಸ್ಟೀಲು, ಅಡುಗೆಯ ಕಟ್ಟೆ ಅವರ ಎತ್ತರಕ್ಕೆ. ನಾನು ಸ್ಟೀಲನ್ನು ಖಂಡಿಸಿ ದಂತದ ಬಣ್ಣ ಮಂಡಿಸಿದೆ. ಮೂರು ದಿನ ವಾದಿಸಿದೆವು. ಮೂರೂ ದಿನ ಅಮ್ಮ ನಮಗೆ ಚಾ ಮಾಡಿ ಕೊಟ್ಟಳು. ಅವಳನ್ನೂ ಒಂದು ಮಾತು ಕೇಳಬೇಕೆಂದು ಫಲಕ ಗೆದ್ದವಳಿಗೂ ಹೊಳೆಯಲಿಲ್ಲ.

ಕೇಳಿದವರು ಹಾಲಾಡಿಯ ಆಚಾರಿ. ಕಪಾಟಿನ ಅಳತೆಗೆ ಬಂದವರು ಟೇಪು ಎಳೆದು, "ಅಡ್ಗಿ ಮಾಡುದ್ ಯಾರ್? ಬಂದ್ ಇಲ್ ನಿಲ್ಲಿ, ಮೊಣಕೈ ಅಳ್ತಿ ಬೇಕ್" ಎಂದರು.

ಅಪ್ಪಯ್ಯ ಹೋಗಿ ನಿಂತರು. ಅಮ್ಮನೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲೇ ನಿಂತಳು. ಅವಳ ಮೊಣಕೈ ನಾಲ್ಕು ಬೆರಳು ಕೆಳಗಿತ್ತು.

"ಒಂದ್ ಕಟ್ಟೆಗ್ ಎರಡ್ ಎತ್ರ ಆತಿಲ್ಲೆ ಅಮ್ಮ," ಆಚಾರಿ ನಕ್ಕರು.

"ಎಂತಕ್ ಆತಿಲ್ಲೆ? ಕಿಟ್ಕಿ ಬದಿ ನಂದ್. ತಗ್ಗ್ ಮಾಡಿ." ಅಮ್ಮ ಆಚಾರಿಯ ಬಣ್ಣದ ಪುಸ್ತಕ ಎಳೆದುಕೊಂಡು ದಾಸವಾಳದಂಥ ಕೆಂಪಿನ ಮೇಲೆ ಬೆರಳಿಟ್ಟಳು. "ಕಪಾಟಿಗೆ ಇದ್. ಅವ್ರ ಬದಿಗೆ ಅವ್ರಿಗ್ ಬೇಕಾದ್ದ್. ನನ್ ಬದಿಯಿಂದ ಎಂತಾರು ತಕಂಬ್ದಾರೆ ಕೇಂಡ್ ತಕಣ್ಲಿ."

ಕೇಳಿ ತೆಗೆದುಕೊಳ್ಳಬೇಕೆಂದದ್ದಕ್ಕೆ ಅಪ್ಪಯ್ಯನ ಮುಖ ಸಣ್ಣದಾಯಿತು. "ನನ್ ಮನಿ ಒಳ್ಗ್ ನಾ ಕೇಣ್ಕಾ?"

"ಮೂವತ್ ವರ್ಷ ಆಯ್ತ್. ಒಂದ್ ದಿನ ನಾ ನಿಮ್ ಕ್ಯಾಂಟೀನಿಗ್ ಬಂದ್ ಉಪ್ಪ್ ಕಮ್ಮಿ ಅಂದಿದ್ನಾ?"

ಆಚಾರಿ ಟೇಪನ್ನು ಸುಮ್ಮನೆ ಎಳೆದು ಎಳೆದು ಬಿಟ್ಟರು.

ಆಗ ನಾನು ಎದ್ದೆ. ಎರಡು ಎತ್ತರ, ಎರಡು ಬಣ್ಣ ಎಂದರೆ ಪಾಲಾದ ಮನೆಯಂತೆ ಕಾಣುತ್ತದೆ; ಗಂಡ ಹೆಂಡತಿಗೆ ಮಾತಿಲ್ಲವೆಂದು ಜನ ಆಡಿಕೊಳ್ಳುತ್ತಾರೆ; ಮೇಲಾಗಿ ಕೆಂಪು ದಿನವಿಡೀ ನೋಡುವ ಬಣ್ಣವಲ್ಲ. ಒಳ್ಳೆಯ ವಾದ. ಅದರಲ್ಲಿ ಬಿರುಕು ಹುಡುಕಿದರೆ ಈಗಲೂ ಸಿಗುವುದಿಲ್ಲ. ಅಮ್ಮ ಕೊನೆಯವರೆಗೂ ಕೇಳಿದಳು.

"ನೀ ಗೆದ್ದೆ ಹೆಣೆ," ಎಂದಳು. ಮತ್ತೆ ಆಚಾರಿಯ ಕಡೆ ತಿರುಗಿ, "ಕೆಂಪೇ ಬರ್ಕಣಿ."

ಅಪ್ಪಯ್ಯ ಎರಡು ದಿನ ಬಿಗಿದುಕೊಂಡಿದ್ದು ಮೂರನೆಯ ದಿನ ಅರಿಶಿನದಂಥ ಹಳದಿ ಆರಿಸಿದರು. ಸ್ಟೀಲಿನ ಮನುಷ್ಯ! ಮೊದಮೊದಲು ಎರಡು ಬಣ್ಣ ಸೇರುವ ಮೂಲೆಯಲ್ಲಿ ನಿಂತು, ಕೋರ್ಟಿನಲ್ಲಿ ಅರ್ಜಿ ಕೊಡುವವರ ಹಾಗೆ, "ಹುಣ್ಸಿಹಣ್ಣ್ ತಕಂಬ್ದಾ?" ಎಂದು ಬೇಕೆಂದೇ ಗಟ್ಟಿಯಾಗಿ ಕೇಳುತ್ತಿದ್ದರು. ಆ ಹಟ ಯಾವಾಗ ಇಳಿಯಿತೋ ನಾನು ಗಮನಿಸಲಿಲ್ಲ. ಇವತ್ತು ದೊಡ್ಡಮ್ಮನ ಎದುರಿಗೇ ಮೆತ್ತಗೆ ಕೇಳಿದರು. "ತಕಣಿ" ಎಂದ ಅಮ್ಮ ತಿರುಗಿಯೂ ನೋಡದೆ ತನ್ನ ತಗ್ಗಿನ ಕಟ್ಟೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು, ಭುಜ ಎತ್ತದೆ, ಆರಾಮಾಗಿ. ಆಮೇಲೆ ಅಪ್ಪಯ್ಯ ಮಾಡಿದ ಬಂಗುಡೆ ಮೀನಿನ ಸಾರನ್ನು ಎಲ್ಲರ ಜೊತೆ ಕೂತು ಬಿಸಿಬಿಸಿಯಾಗಿ ಉಂಡಳು. ಅವಳು ಎಲ್ಲರ ಜೊತೆ ಕೂತು ಉಂಡದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ ನೆನಪಿಲ್ಲ.

ದೊಡ್ಡಮ್ಮನನ್ನು ಬಸ್ಸು ಹತ್ತಿಸಿ ಬಂದೆ. ಕೆಂಪೇ ಯಾಕೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಯಾಕೆ ಎಂದರೆ ಅಮ್ಮ ಸಮರ್ಥಿಸಿಕೊಳ್ಳಬೇಕಾಗುತ್ತದೆ, ನಾನು ಮತ್ತೆ ಎದುರು ಪಕ್ಷಕ್ಕೆ ಹೋಗಬೇಕಾಗುತ್ತದೆ. ಅವಳ ಪಕ್ಕ ಹೋಗಿ ನಿಂತು, ನನಗೆ ಅಭ್ಯಾಸವೇ ಇಲ್ಲದ ಇನ್ನೊಂದು ಪ್ರಶ್ನೆ ಕೇಳಿದೆ:

"ಅಮ್ಮ, ನಿಂಗೆ ಇನ್ನ್ ಎಂತೆಲ್ಲ ಬೇಕಿತ್ತ್?"